ಲೆಕ್ಕದ ಕಂಪ್ಯೂಟರ್ ಕಾಯುವುದು ಹೇಗೆ? ಅಂಗಡಿ, ಮಿಲ್ಲಿನವರಿಗೊಂದು ಮಾರ್ಗದರ್ಶಿ

ರಾಯಚೂರಿನ ಗಂಜ್ (ಸಗಟು ಮಾರುಕಟ್ಟೆ) ಇರಲಿ, ಗಂಗಾವತಿಯ ರೈಸ್ ಮಿಲ್ ಇರಲಿ, ಬಳ್ಳಾರಿಯ ಜೀನ್ಸ್ ಘಟಕ ಇರಲಿ, ಕಂಪ್ಯೂಟರ್ ಕೆಲಸಕ್ಕೆ ಹೋದಲ್ಲೆಲ್ಲ ಎದುರಾಗುವ ಪ್ರಶ್ನೆ ಒಂದೇ: "ಸರ್, ಯಾವ ಆಂಟಿವೈರಸ್ ಹಾಕ್ಸಿದ್ರ ಚೊಲೊ?" ಕೇಳುವವರ ಸಿಪಿಯು ಡಬ್ಬಿಯ ಮೇಲೆ ಮಾರ್ಕರ್‌ನಲ್ಲಿ ಎನಿಡೆಸ್ಕ್ (ದೂರದಿಂದ ಕಂಪ್ಯೂಟರ್ ನಡೆಸುವ ತಂತ್ರಾಂಶ) ನಂಬರ್ ಬರೆದಿರುತ್ತದೆ. ಮಾನಿಟರ್ ಅಂಚಿಗೆ ಜಿಎಸ್‌ಟಿ ಪಾಸ್‌ವರ್ಡಿನ ಚೀಟಿ. ಹಿಂಬದಿಯಲ್ಲೊಂದು ಪೆನ್‌ಡ್ರೈವ್, ಚುಚ್ಚಿದಾಗಿನಿಂದ ಕಿತ್ತಿದ್ದಿಲ್ಲ. ಬೆರಳಲ್ಲಿ ಹೆಸರು ಬರೆಯಬಹುದಾದಷ್ಟು ತೌಡಿನ ಧೂಳು ಅದರ ಮೇಲೆ. ಅದೇ ಅವರ ಬ್ಯಾಕಪ್.

ಈ ಮೂರೂ ಇರುವ ಕಡೆ ಯಾವ ಆಂಟಿವೈರಸ್ ಹಾಕಿದರೂ ಅಷ್ಟಕ್ಕಷ್ಟೇ. ಆ ಪ್ರಶ್ನೆಗೆ ಉತ್ತರ ಎಂಟನೆಯ ಹಂತದಲ್ಲಿದೆ, ಅದೂ ಕೆಲವೇ ಸಾಲು. ಅದಕ್ಕೂ ಮುಂಚೆ ಎರಡು ವಿಷಯ ಸರಿಯಾಗಬೇಕು: ನಿಮ್ಮ ಲೆಕ್ಕದ ಒಂದು ಪ್ರತಿ ಆ ಕಂಪ್ಯೂಟರಿನಿಂದ ಕೈಗೆಟುಕದ ಜಾಗದಲ್ಲಿದೆಯೇ? ಒಟಿಪಿ ಯಾರ ಮೊಬೈಲಿಗೆ ಬರುತ್ತಿದೆ? ಇವೆರಡು ಸರಿಯಾದರೆ ಮುಕ್ಕಾಲು ಕೆಲಸ ಮುಗಿದಂತೆ.

ಬೇಕಾಗುವುದು ಹೆಚ್ಚೇನಿಲ್ಲ. ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ (ಬರೀ ಲೆಕ್ಕದ ಫೈಲಾದರೆ ಚಿಕ್ಕವೇ ಸಾಕು), ಒಂದು ನೋಟ್ ಬುಕ್, ಮಾಲೀಕರ ಹೆಸರಿನಲ್ಲೇ ಇರುವ ಒಂದು ಸಿಮ್, ವಹಿವಾಟು ಇಲ್ಲದ ಒಂದು ಮಧ್ಯಾಹ್ನ. ಹತ್ತಿ ಸೀಸನ್ ನಡುವೆ ಇದಕ್ಕೆ ಕೈ ಹಾಕಬೇಡಿ. ಅರ್ಧಕ್ಕೆ ಬಿಟ್ಟರೆ ಯಾವ ಪಾಸ್‌ವರ್ಡ್ ಬದಲಾಗಿದೆ, ಯಾವುದು ಹಳೆಯದು ಅಂತ ನಿಮಗೇ ತಿಳಿಯದೆ ಹೋಗುತ್ತದೆ.

1. ಏನೇನಿದೆ ಬರೆದುಕೊಳ್ಳಿ

ನೋಟ್ ಬುಕ್ಕಿನಲ್ಲಿ ಒಂದು ಪುಟ. ಎಷ್ಟು ಕಂಪ್ಯೂಟರ್, ಟ್ಯಾಲಿ (ಲೆಕ್ಕ ಬರೆಯುವ ತಂತ್ರಾಂಶ) ಡೇಟಾ ಯಾವುದರಲ್ಲಿದೆ, ಯಾವ ಫೋಲ್ಡರಿನಲ್ಲಿದೆ. ಯಾವ ಯಾವ ಪೋರ್ಟಲ್‌ಗೆ ಲಾಗಿನ್ ಇದೆ: ಜಿಎಸ್‌ಟಿ, ಇ-ವೇ ಬಿಲ್ (ಲಾರಿಯಲ್ಲಿ ಸರಕು ಸಾಗಿಸಲು ಬೇಕಾದ ಆನ್‌ಲೈನ್ ಚೀಟಿ), ಬ್ಯಾಂಕ್, ಆದಾಯ ತೆರಿಗೆ, ಇಮೇಲ್. ಪ್ರತಿಯೊಂದರ ಎದುರಿಗೆ ಎರಡು ಕಾಲಮ್: ನೋಂದಾಯಿತ ಮೊಬೈಲ್ ಯಾರದು, ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತು. ಎರಡನೇ ಕಾಲಮ್ ತುಂಬುವಾಗ ಮುಖ ಸಣ್ಣದಾಗುವುದು ಸಹಜ. ಬರೆಯಿರಿ.

2. ಬ್ಯಾಕಪ್: ಇಲ್ಲಿ ಅವಸರ ಬೇಡ

ರ‍್ಯಾನ್ಸಮ್‌ವೇರ್ ಎಂದರೆ ನಿಮ್ಮ ಫೈಲುಗಳನ್ನೆಲ್ಲ ತೆರೆಯಲಾಗದಂತೆ ಸಂಕೇತ ಭಾಷೆಗೆ ತಿರುಗಿಸಿ, ಬಿಡಿಸಿಕೊಡಲು ದುಡ್ಡು ಕೇಳುವ ತಂತ್ರಾಂಶ. ಅದು ಒಳಗೆ ಬಂದಾಗ ಕಂಪ್ಯೂಟರಿಗೆ ಏನೇನು ಅಂಟಿಕೊಂಡಿದೆಯೋ ಎಲ್ಲವನ್ನೂ ಹಾಳುಮಾಡುತ್ತದೆ: ಸಿ ಡ್ರೈವ್, ಡಿ ಡ್ರೈವ್, ನೆಟ್‌ವರ್ಕ್‌ನಲ್ಲಿ ಹಂಚಿಕೊಂಡ ಪಕ್ಕದ ಕಂಪ್ಯೂಟರಿನ ಫೋಲ್ಡರ್, ಹಿಂದೆ ಚುಚ್ಚಿದ ಪೆನ್‌ಡ್ರೈವ್. ಸದಾ ಚುಚ್ಚಿಟ್ಟ ಬ್ಯಾಕಪ್ ಎಂದರೆ ತಿಜೋರಿಯ ಕೀಲಿಯನ್ನು ತಿಜೋರಿ ಮೇಲೆಯೇ ಇಟ್ಟಂತೆ.

ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿದರೆ ಡೇಟಾ ಮೆನು ತೆರೆಯುತ್ತದೆ. ಅಲ್ಲಿ ಬ್ಯಾಕಪ್ ಆರಿಸಿ, ಕಂಪನಿ ಆರಿಸಿ, ಜಾಗದ ಕಡೆ ಹಾರ್ಡ್ ಡಿಸ್ಕಿನ ಹೆಸರು ಕೊಡಿ. ಪ್ರತಿ ಸಲ ಹೊಸ ಫೋಲ್ಡರ್ ಮಾಡಿ, ಅದಕ್ಕೆ ಆ ದಿನದ ತಾರೀಖನ್ನೇ ಹೆಸರಿಡಿ. ಒಂದೇ ಫೋಲ್ಡರಿನಲ್ಲಿ ಹಳೆಯದರ ಮೇಲೆ ಹೊಸದನ್ನು ಬರೆಯುತ್ತ ಹೋದರೆ ಏನಾಗುತ್ತದೆ ಗೊತ್ತೇ? ಮಂಗಳವಾರ ಡೇಟಾ ಕೆಟ್ಟಿತು, ನಿಮಗೆ ಗೊತ್ತಾಗಿದ್ದು ಶುಕ್ರವಾರ. ಅಷ್ಟರಲ್ಲಿ ಕೆಟ್ಟ ಡೇಟಾ ಮೂರು ಸಲ ಒಳ್ಳೆಯದರ ಮೇಲೆ ಕೂತಿರುತ್ತದೆ.

ಬ್ಯಾಕಪ್ ಮುಗಿದ ಕೂಡಲೇ ಡಿಸ್ಕನ್ನು ಕಿತ್ತು ಒಳಗಿಡಿ. ಎರಡನೇ ಡಿಸ್ಕ್ ಮನೆಯಲ್ಲಿರಲಿ, ವಾರಕ್ಕೊಮ್ಮೆ ಅದಲು ಬದಲು ಮಾಡಿ. ಅಂಗಡಿಯಲ್ಲಿ ಬೆಂಕಿ, ಕಳ್ಳತನ ಏನೇ ಆದರೂ ಮನೆಯಲ್ಲಿ ಒಂದು ಇರುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ ಎಂಬ ನಿಯಮವನ್ನು ಜಗತ್ತಿನೆಲ್ಲೆಡೆ ಭದ್ರತಾ ತಜ್ಞರು ಹೇಳುತ್ತಾರೆ. ನಮ್ಮ ಅಂಗಡಿಗಳಲ್ಲಿ ಎರಡು ಡಿಸ್ಕನ್ನೇ ನಿಯತ್ತಾಗಿ ನಡೆಸಿದರೂ ದೊಡ್ಡ ಮಾತು.

"ಗೂಗಲ್ ಡ್ರೈವ್‌ಗೆ ತಾನೇ ಹೋಗ್ತದಲ್ರಿ" ಎನ್ನುವವರಿದ್ದಾರೆ. ಹೋಗುತ್ತದೆ, ನಿಜ. ಕೆಟ್ಟ ಫೈಲೂ ಅಷ್ಟೇ ನಿಷ್ಠೆಯಿಂದ ಹೋಗುತ್ತದೆ. ಸಿಂಕ್ ಎನ್ನುವುದು ಎರಡೂ ಕಡೆ ಒಂದೇ ರೀತಿ ಇಡುವ ವ್ಯವಸ್ಥೆ, ಬ್ಯಾಕಪ್ ಅಲ್ಲ. ಜೊತೆಗಿರಲಿ, ಅದೊಂದನ್ನೇ ನಂಬಬೇಡಿ.

ಈಗ ಬಹುತೇಕ ಯಾರೂ ಮಾಡದ ಕೆಲಸ. ತೆಗೆದ ಬ್ಯಾಕಪ್ಪನ್ನು ತಿಂಗಳಿಗೊಮ್ಮೆ ತೆರೆದು ನೋಡಬೇಕು. ಅದನ್ನು ಬೇರೆ ಕಂಪ್ಯೂಟರಿನಲ್ಲಿ ಅಥವಾ "ಪರೀಕ್ಷೆ" ಅಂತ ಹೆಸರಿಟ್ಟ ಬೇರೆ ಫೋಲ್ಡರಿನಲ್ಲಿ ರಿಸ್ಟೋರ್ ಮಾಡಿ, ಅಂದರೆ ಬ್ಯಾಕಪ್ಪಿನಿಂದ ಲೆಕ್ಕವನ್ನು ವಾಪಸ್ ತನ್ನಿ. ಕೊನೆಯ ದಿನದ ಡೇ ಬುಕ್ ತೆರೆದು, ಒಂದು ತಕ್‌ಪಟ್ಟಿಯನ್ನೋ ಬಿಲ್ಲನ್ನೋ ಕೈಯಲ್ಲಿ ಹಿಡಿದು ಮೊತ್ತ ತಾಳೆ ನೋಡಿ. ಎಚ್ಚರ: ಚಾಲ್ತಿ ಡೇಟಾ ಇರುವ ಫೋಲ್ಡರಿಗೇ ರಿಸ್ಟೋರ್ ಮಾಡಿದರೆ ಇವತ್ತಿನ ಲೆಕ್ಕದ ಮೇಲೆ ಹಳೆಯದು ಬಂದು ಕೂರುತ್ತದೆ. ಬ್ಯಾಕಪ್ ಪರೀಕ್ಷಿಸಲು ಹೋಗಿ ಅಸಲನ್ನೇ ಕಳೆದುಕೊಂಡವರು ಇದ್ದಾರೆ.

ಇನ್ನೂ ಎರಡು ಬೀಗಗಳ ಬಗ್ಗೆ ಜಾಗ್ರತೆ. ಟ್ಯಾಲಿ ಡೇಟಾಕ್ಕೆ ಹಾಕುವ ಬೀಗ ಟ್ಯಾಲಿ ವಾಲ್ಟ್, ಅದರ ಪಾಸ್‌ವರ್ಡ್ ಮರೆತರೆ ಆ ಡೇಟಾ ಹೋದಂತೆಯೇ, ಟ್ಯಾಲಿ ಕಂಪನಿಯವರೂ ತೆರೆದುಕೊಡಲಾರರು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಎಂಬ ಡಿಸ್ಕ್ ಬೀಗ ನಿಮಗೆ ಗೊತ್ತಿಲ್ಲದೆಯೇ ಚಾಲೂ ಇರಬಹುದು. ಮದರ್‌ಬೋರ್ಡ್ ರಿಪೇರಿ ಆಗಿ ಬಂದ ದಿನ ಅದು 48 ಅಂಕಿಯ ಕೀಲಿ ಕೇಳುತ್ತದೆ. ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಮೈಕ್ರೋಸಾಫ್ಟ್ ಖಾತೆಯಿಂದ ಆ ಕೀಲಿ ತೆಗೆದು, ನೋಟ್ ಬುಕ್ಕಿನಲ್ಲಿ ಬರೆದಿಡಿ.

ಅಂದಹಾಗೆ, ನಮ್ಮ ಕಡೆ ಲೆಕ್ಕ ಹಾಳಾಗುವುದು ಹ್ಯಾಕರುಗಳಿಗಿಂತ ಹೆಚ್ಚಾಗಿ ಕರೆಂಟಿನಿಂದ. ಶಕ್ತಿನಗರದ ವಿದ್ಯುತ್ ಸ್ಥಾವರ ಪಕ್ಕದಲ್ಲೇ ಇದ್ದರೂ ರಾಯಚೂರಿನಲ್ಲಿ ಎಂಟ್ರಿ ನಡುವೆ ಕರೆಂಟ್ ಹೋಗುವುದು ತಪ್ಪಿಲ್ಲ. ಫೈಲ್ ಬರೆಯುತ್ತಿರುವಾಗ ಕಂಪ್ಯೂಟರ್ ಆರಿದರೆ ಡೇಟಾ ಕೆಡುವ ಸಾಧ್ಯತೆ ಇದ್ದೇ ಇದೆ. ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಬದಲಿಸಿ. ಅದೂ ಭದ್ರತೆಯ ಖರ್ಚೇ.

3. ಒಟಿಪಿ ಯಾರ ಮೊಬೈಲಿಗೆ?

ಅಂಗಡಿ ಶುರುವಾದಾಗ ಜಿಎಸ್‌ಟಿ ನೋಂದಣಿ ಮಾಡಿಸಿದವರು ಲೆಕ್ಕ ಬರೆಯುವವರು. "ನಿಮ್ದೇ ನಂಬರ್ ಹಾಕ್ರಿ, ನನಗೇನ್ ತಿಳೀತದ" ಅಂತ ಮಾಲೀಕರೇ ಹೇಳಿರುತ್ತಾರೆ. ನಾಲ್ಕು ವರ್ಷವಾದ ಮೇಲೆ ಅವರು ಬೇರೆ ಅಂಗಡಿ ಸೇರುತ್ತಾರೆ, ನಂಬರೂ ಅವರ ಜೊತೆ ಹೋಗುತ್ತದೆ. ಜಗಳವೇ ಆಗಬೇಕೆಂದಿಲ್ಲ, ಅವರ ಫೋನ್ ಸ್ವಿಚ್ ಆಫ್ ಇದ್ದರೂ ನಿಮ್ಮ ಲಾರಿ ನಿಂತಿತು. 2025ರ ಏಪ್ರಿಲ್ 1ರಿಂದ ಇ-ವೇ ಬಿಲ್ ಪೋರ್ಟಲ್‌ನಲ್ಲಿ ಸಣ್ಣ ದೊಡ್ಡ ಎನ್ನದೆ ಎಲ್ಲ ವ್ಯಾಪಾರಿಗಳಿಗೂ ಎರಡು ಹಂತದ ದೃಢೀಕರಣ ಕಡ್ಡಾಯ. ಅಂದರೆ ಪಾಸ್‌ವರ್ಡ್ ಜೊತೆಗೆ ಒಟಿಪಿಯೂ ಬೇಕು.

ಮಾಡಬೇಕಾದ್ದು: ಜಿಎಸ್‌ಟಿ ಪೋರ್ಟಲ್‌ನ ಸರ್ವೀಸಸ್, ರಿಜಿಸ್ಟ್ರೇಶನ್ ವಿಭಾಗದಲ್ಲಿ "ನಾನ್ ಕೋರ್ ಫೀಲ್ಡ್ಸ್" ತಿದ್ದುಪಡಿ ಎಂಬುದಿದೆ. ಮೊಬೈಲ್ ಮತ್ತು ಇಮೇಲ್ ಬದಲಿಸುವುದು ಅಲ್ಲಿಯೇ. ಮಾಲೀಕರ ನಂಬರ್ ಹಾಕಿಸಿ. ದಿನದ ಕೆಲಸಕ್ಕೆ ಇ-ವೇ ಬಿಲ್ ಪೋರ್ಟಲ್‌ನಲ್ಲಿ ಸಿಬ್ಬಂದಿಗೆ ಉಪ ಬಳಕೆದಾರರಾಗಿ, ಅಂದರೆ ಸಬ್ ಯೂಸರ್ ಆಗಿ, ಪ್ರತ್ಯೇಕ ಲಾಗಿನ್ ಮಾಡಿಕೊಡಬಹುದು. ಅವರು ಬಿಟ್ಟ ದಿನ ಆ ಒಂದು ಲಾಗಿನ್ ನಿಲ್ಲಿಸಿದರಾಯಿತು, ಎಲ್ಲರ ಪಾಸ್‌ವರ್ಡ್ ಬದಲಿಸುವ ರಗಳೆ ಇಲ್ಲ.

ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಎಲ್ಲಿದೆ ನೋಡಿ. ಆಡಿಟರ್ ಕಚೇರಿಯ ಡ್ರಾದಲ್ಲಿ, ಪಿನ್ ಬರೆದ ಚೀಟಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿರುವುದು ನಮ್ಮಲ್ಲಿ ಮಾಮೂಲು. ಅದು ನಿಮ್ಮ ಸಹಿ. ಖಾಲಿ ಚೆಕ್ಕಿಗೆ ಸಹಿ ಹಾಕಿ ಅಲ್ಲಿಟ್ಟು ಬರುತ್ತೀರಾ? ಟೋಕನ್ ವಾಪಸ್ ತನ್ನಿ, ಪಿನ್ ಬದಲಿಸಿ, ಬೇಕಾದಾಗ ಹೋಗಿ ಸಹಿ ಮಾಡಿ ಬನ್ನಿ.

ಇಮೇಲ್ ಬಗ್ಗೆ ಹೆಚ್ಚಿನವರು ಯೋಚಿಸುವುದೇ ಇಲ್ಲ. ಉಳಿದ ಬಹುಪಾಲು ಪಾಸ್‌ವರ್ಡುಗಳನ್ನು "ಮರೆತಿದ್ದೇನೆ" ಅಂತ ಒತ್ತಿ ಬದಲಿಸಲು ಆಗುವುದು ಅದೊಂದರಿಂದ. ಜಿಮೇಲ್‌ನಲ್ಲಿ ಎರಡು ಹಂತದ ಪರಿಶೀಲನೆ ಚಾಲೂ ಮಾಡಿ. ಆಗ ಹತ್ತು ಬ್ಯಾಕಪ್ ಕೋಡ್ ಸಿಗುತ್ತವೆ; ಮೊಬೈಲ್ ಕಳೆದರೆ ಒಳಹೋಗುವ ದಾರಿ ಅವು. ಪ್ರಿಂಟ್ ತೆಗೆದು ತಿಜೋರಿಯಲ್ಲಿಡಿ, ಅದೇ ಮೊಬೈಲಿನಲ್ಲಿ ಫೋಟೊ ತೆಗೆದಿಡಬೇಡಿ. ವಾಟ್ಸಾಪ್‌ನಲ್ಲೂ ಆರಂಕಿಯ ಪಿನ್ ಇಡುವ ಸೌಲಭ್ಯ ಸೆಟ್ಟಿಂಗ್ಸ್‌ನ ಅಕೌಂಟ್ ಭಾಗದಲ್ಲಿದೆ. ಇಲ್ಲದಿದ್ದರೆ ಒಂದು ಒಟಿಪಿ ಕೇಳಿ ಪಡೆದವನು ನಿಮ್ಮ ಹೆಸರಿನಲ್ಲಿ ಇಡೀ ಗಂಜಿಗೆ "ಅರ್ಜೆಂಟ್ ದುಡ್ಡು ಬೇಕು" ಅಂತ ಕಳಿಸಬಲ್ಲ.

ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಉಚಿತವಾಗಿ ನೋಡಬಹುದು. ಗೊತ್ತಿಲ್ಲದ ನಂಬರ್ ಕಂಡರೆ ಅಲ್ಲಿಯೇ ದೂರು ಕೊಡಿ. ಸುತ್ತಲಿನವರಿಗೆಲ್ಲ ನೆಟ್‌ವರ್ಕ್ ಇದ್ದು ನಿಮ್ಮ ಸಿಮ್ ಮಾತ್ರ ತಾಸುಗಟ್ಟಲೆ ಸತ್ತಿದ್ದರೆ ಮೊಬೈಲ್ ರಿಸ್ಟಾರ್ಟ್ ಮಾಡುತ್ತ ಕೂರಬೇಡಿ, ಕಂಪನಿಗೆ ಫೋನ್ ಹಚ್ಚಿ. ನಿಮ್ಮ ನಂಬರಿಗೆ ಬೇರೆಯವರು ಹೊಸ ಸಿಮ್ ತೆಗೆದಿರಬಹುದು.

4. ಪಾಸ್‌ವರ್ಡ್

ಉದ್ದ ಮುಖ್ಯ, ಚಿತ್ರವಿಚಿತ್ರ ಚಿಹ್ನೆ ಅಲ್ಲ. ಮಗನ ಹೆಸರು ಮತ್ತು ಹುಟ್ಟಿದ ವರ್ಷ, ಗಾಡಿ ನಂಬರ್, ಅಂಗಡಿ ಹೆಸರಿನ ಮುಂದೆ 123, ಇವು ಮೊದಲು ಊಹಿಸುವ ಪಾಸ್‌ವರ್ಡುಗಳು. ಸಂಬಂಧವಿಲ್ಲದ ನಾಲ್ಕು ಪದ ಜೋಡಿಸಿ. ಆಗಾಗ ಬದಲಿಸುತ್ತಿರಬೇಕೆಂಬ ಹಳೆಯ ಸಲಹೆಯನ್ನು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಕೈಬಿಟ್ಟಿತು. ಪದೇ ಪದೇ ಬದಲಿಸಲು ಹೇಳಿದರೆ ಜನ ಕೊನೆಯ ಅಂಕಿ ಮಾತ್ರ ಏರಿಸುತ್ತ ಹೋಗುತ್ತಾರೆ. ಆದರೆ ಒಂದೇ ಪಾಸ್‌ವರ್ಡ್ ಎರಡು ಕಡೆ ಬೇಡ. ಹಾಗಾದರೆ ನೆನಪಿಡುವುದು ಹೇಗೆ? ನೋಟ್ ಬುಕ್ಕಿನಲ್ಲಿ ಬರೆದು ತಿಜೋರಿಯಲ್ಲಿಡಿ. ಪುಸ್ತಕದಲ್ಲಿ ಬರೆಯಲೇಬಾರದು ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ದೂರದ ದೇಶದಲ್ಲಿ ಕೂತ ಕಳ್ಳನಿಗೆ ನಿಮ್ಮ ತಿಜೋರಿ ಸಿಗದು. ಮಾನಿಟರಿನ ಚೀಟಿ ಮಾತ್ರ ಇವತ್ತೇ ಕೀಳಿ.

ಇದರ ಜೊತೆಗೆ ವಿಂಡೋಸ್ ಸೆಟ್ಟಿಂಗ್ಸ್‌ನ ಅಕೌಂಟ್ಸ್‌ಗೆ ಹೋಗಿ ಸಿಬ್ಬಂದಿಗೆ "ಸ್ಟ್ಯಾಂಡರ್ಡ್ ಯೂಸರ್" ಖಾತೆ ಮಾಡಿ. ಆ ಖಾತೆಯಿಂದ ಇಡೀ ಕಂಪ್ಯೂಟರಿಗೆ ಅನ್ವಯಿಸುವ ತಂತ್ರಾಂಶ ಹಾಕಲು ಅಡ್ಮಿನ್ ಪಾಸ್‌ವರ್ಡ್ ಬೇಕೇ ಬೇಕು. ಎಷ್ಟೋ ಪೀಡೆ ಬಾಗಿಲಲ್ಲೇ ನಿಲ್ಲುತ್ತದೆ.

5. ವಿಂಡೋಸ್ ಅಪ್‌ಡೇಟ್, ಕ್ರ್ಯಾಕ್ ತಂತ್ರಾಂಶ

2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ನೂರಕ್ಕೂ ಹೆಚ್ಚು ದೇಶಗಳ ಕಂಪ್ಯೂಟರುಗಳಿಗೆ ಹಬ್ಬಿತು. ಅದು ನುಗ್ಗಿದ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಬಿಟ್ಟಿತ್ತು. ಎರಡು ತಿಂಗಳು ಅಪ್‌ಡೇಟ್ ಮಾಡದೆ ಕೂತವರು ಸಿಕ್ಕಿಬಿದ್ದರು. "ಅಪ್‌ಡೇಟ್ ಆದ್ರ ಸ್ಲೋ ಆಗ್ತದ" ಅಂತ ಅದನ್ನು ನಿಲ್ಲಿಸಿಟ್ಟಿದ್ದರೆ ಚಾಲೂ ಮಾಡಿ.

ವಿಂಡೋಸ್ 7ಕ್ಕೆ ಬೆಂಬಲ 2020ರ ಜನವರಿಯಲ್ಲೇ ನಿಂತಿದೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ವಿಂಡೋಸ್ 11 ಹಾಕಲು ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಮುಂದಿನ ಪ್ರೊಸೆಸರ್ ಬೇಕು. ಹಳೆಯ ಯಂತ್ರ ಬದಲಿಸಲು ಸದ್ಯಕ್ಕೆ ಆಗದಿದ್ದರೆ ಅದರಲ್ಲಿ ಬ್ಯಾಂಕ್ ಕೆಲಸ ಮತ್ತು ಇಮೇಲ್ ಬಿಡಿ. ಇಂಟರ್ನೆಟ್ ತೆಗೆದು ತೂಕದ ಚೀಟಿ ಪ್ರಿಂಟಿಗೆ ಇಟ್ಟುಕೊಳ್ಳಿ.

ಇನ್ನು ಕ್ರ್ಯಾಕ್, ಅಂದರೆ ಲೈಸೆನ್ಸ್ ಇಲ್ಲದೆ ಓಡುವಂತೆ ಬೀಗ ಮುರಿದ ತಂತ್ರಾಂಶ. ಪುಕ್ಕಟೆ ಟ್ಯಾಲಿ, ಪುಕ್ಕಟೆ ಆಫೀಸ್ ಹಾಕಿಕೊಡುವವರು ಮೊದಲು ಮಾಡುವ ಕೆಲಸ ವಿಂಡೋಸ್‌ನ ಆಂಟಿವೈರಸ್ ಆಫ್ ಮಾಡುವುದು. ಅದು ಚಾಲೂ ಇದ್ದರೆ ಕ್ರ್ಯಾಕ್ ಓಡುವುದಿಲ್ಲ. ನಿಮ್ಮ ಕಾವಲುಗಾರನನ್ನು ಮಲಗಿಸಿ, ಗೊತ್ತಿಲ್ಲದವನು ಬರೆದ ತಂತ್ರಾಂಶವನ್ನು ಅಡ್ಮಿನ್ ಹಕ್ಕಿನಿಂದ ಓಡಿಸಿದ ಮೇಲೆ ಉಳಿದ ಹಂತಗಳೆಲ್ಲ ನೀರಲ್ಲಿ ಹೋಮ. ಲೈಸೆನ್ಸಿಗೆ ದುಡ್ಡು ಹೊಂದಿಸಿ. ಆಫೀಸ್ ಬೇಡವೆಂದರೆ ಲಿಬ್ರೆ ಆಫೀಸ್ ಕಾನೂನುಬದ್ಧವಾಗಿಯೇ ಪುಕ್ಕಟೆ.

6. ದೂರದಿಂದ ಒಳಬರುವ ಬಾಗಿಲು

ಸಿಪಿಯು ಮೇಲೆ ಬರೆದ ಎನಿಡೆಸ್ಕ್ ನಂಬರ್ ಅಷ್ಟೇ ಇದ್ದರೆ ದೊಡ್ಡ ಅಪಾಯವಿಲ್ಲ, ಈ ಕಡೆ ಯಾರಾದರೂ "ಅಕ್ಸೆಪ್ಟ್" ಒತ್ತಬೇಕು. ಅಪಾಯ ಇರುವುದು "ಅನ್‌ಅಟೆಂಡೆಡ್ ಆಕ್ಸೆಸ್" ಎಂಬ ಪಾಸ್‌ವರ್ಡ್ ಇಟ್ಟಾಗ. ಆಗ ಯಾರೂ ಒಪ್ಪದೆಯೇ ಒಳಬರಬಹುದು. ಸರ್ವೀಸಿನ ಹುಡುಗರು ತಮ್ಮ ಅನುಕೂಲಕ್ಕೆ ಇಟ್ಟಿರುತ್ತಾರೆ, ಹಲವು ಅಂಗಡಿಗಳಿಗೆ ಒಂದೇ ಪಾಸ್‌ವರ್ಡ್. ಸೆಟ್ಟಿಂಗ್ಸ್‌ನ ಸೆಕ್ಯೂರಿಟಿ ಭಾಗದಲ್ಲಿ ಅದನ್ನು ತೆಗೆಯಿರಿ. ಬ್ಯಾಂಕಿನವರು, ವಿದ್ಯುತ್ ಕಚೇರಿಯವರು ಅಂತ ಫೋನ್ ಮಾಡಿ ಇಂಥ ಆ್ಯಪ್ ಹಾಕಿಸುವವರು ಕಳ್ಳರು, ಇದರಲ್ಲಿ ಅನುಮಾನ ಬೇಡ.

ಇದಕ್ಕಿಂತ ದೊಡ್ಡ ಅಪಾಯ ರಿಮೋಟ್ ಡೆಸ್ಕ್‌ಟಾಪ್, ಅಂದರೆ ದೂರದಿಂದ ಕಂಪ್ಯೂಟರ್ ನಡೆಸಲು ವಿಂಡೋಸ್‌ನಲ್ಲೇ ಇರುವ ಸೌಲಭ್ಯ. ಮನೆಯಿಂದ ಟ್ಯಾಲಿ ನೋಡಬೇಕು ಅಂತ ಮಾಲೀಕರು ಕೇಳುತ್ತಾರೆ, ಯಾರೋ ರೂಟರಿನಲ್ಲಿ 3389ನೇ ಪೋರ್ಟ್ ತೆರೆದುಕೊಟ್ಟು ಹೋಗುತ್ತಾರೆ. ಪೋರ್ಟ್ ಎಂದರೆ ಹೊರಗಿನ ಇಂಟರ್ನೆಟ್‌ನಿಂದ ಒಳಕ್ಕೆ ಬರುವ ಸಂಖ್ಯೆ ಇಟ್ಟ ಬಾಗಿಲು. ಈ ಬಾಗಿಲು ತೆರೆದ ಕಂಪ್ಯೂಟರುಗಳನ್ನು ಹುಡುಕುವ ಯಂತ್ರಗಳು ಜಗತ್ತಿನಾದ್ಯಂತ ಹಗಲುರಾತ್ರಿ ಓಡುತ್ತಿರುತ್ತವೆ, ಸಿಕ್ಕ ಕೂಡಲೇ ಪಾಸ್‌ವರ್ಡ್ ಊಹಿಸಲು ಶುರು ಮಾಡುತ್ತವೆ. ಸಣ್ಣ ಸಂಸ್ಥೆಗಳಿಗೆ ರ‍್ಯಾನ್ಸಮ್‌ವೇರ್ ಬರುವ ಹೆದ್ದಾರಿಗಳಲ್ಲಿ ಇದೂ ಒಂದು. ಪೋರ್ಟ್ ನಂಬರ್ ಬದಲಿಸಿದರೆ ಸಾಕು ಎನ್ನುವುದು ಸುಳ್ಳು. ಮುಚ್ಚಿಸಿ. ಮನೆಯಿಂದ ನೋಡಲೇಬೇಕಿದ್ದರೆ ವಿಪಿಎನ್ ಹಾಕಿಸಿ, ಅದು ಮನೆಗೂ ಅಂಗಡಿಗೂ ನಡುವೆ ಬೇರೆಯವರಿಗೆ ಕಾಣದ ಸುರಂಗ ಮಾಡುತ್ತದೆ.

ರೂಟರಿನ ಅಡ್ಮಿನ್ ಪಾಸ್‌ವರ್ಡ್ ಈಗಲೂ "ಅಡ್ಮಿನ್" ಎಂದೇ ಇದ್ದರೆ ಬದಲಿಸಿ. ಬಂದ ಗಿರಾಕಿಗಳಿಗೆ ಗೆಸ್ಟ್ ವೈಫೈ ಕೊಡಿ.

7. ವಾಟ್ಸಾಪ್ ಮತ್ತು ಇಮೇಲ್‌ನಲ್ಲಿ ಬರುವ ಫೈಲು

ಪರಿಚಯದವರ ನಂಬರಿನಿಂದಲೇ ಲಗ್ನಪತ್ರಿಕೆ ಬರುತ್ತದೆ, ಇಲ್ಲವೇ ಗಾಡಿ ದಂಡದ ಚಲನ್, ಪಿಎಂ ಕಿಸಾನ್ ಪಟ್ಟಿ. ಫೈಲ್ ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿದ್ದರೆ ಅದು ಪತ್ರಿಕೆಯಲ್ಲ, ಆ್ಯಪ್. ತೆರೆದರೆ "ಎಸ್‌ಎಂಎಸ್ ಓದಲು ಅನುಮತಿ ಕೊಡಿ" ಅಂತ ಕೇಳುತ್ತದೆ. ಕೊಟ್ಟಿರಾ, ನಿಮ್ಮ ಒಟಿಪಿಗಳು ಅವರಿಗೂ ಹೋಗುತ್ತವೆ. ಲಗ್ನಪತ್ರಿಕೆಗೆ ಯಾವ ಅನುಮತಿಯೂ ಬೇಕಿಲ್ಲ.

ಕಂಪ್ಯೂಟರಿನಲ್ಲಿ ಇದೇ ಆಟದ ಇನ್ನೊಂದು ರೂಪ. "ಕೊಟೇಶನ್ ಡಾಟ್ ಪಿಡಿಎಫ್" ಅಂತ ಕಾಣುತ್ತದೆ, ಚಿತ್ರವೂ ಪಿಡಿಎಫ್‌ನದೇ. ವಿಂಡೋಸ್ ಹೆಸರಿನ ಬಾಲವನ್ನು ಮರೆಮಾಡುವುದರಿಂದ ಆಮೇಲಿನ "ಡಾಟ್ ಇಎಕ್ಸ್‌ಇ" ಕಾಣುವುದಿಲ್ಲ. ಇಎಕ್ಸ್‌ಇ ಎಂದರೆ ಓಡುವ ತಂತ್ರಾಂಶ. ವಿಂಡೋಸ್ 11ರಲ್ಲಿ ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ಶೋ ಒತ್ತಿ, "ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್"ಗೆ ಟಿಕ್ ಹಾಕಿ. ಬಾಲ ಬಯಲಾಗುತ್ತದೆ.

ಜೀನ್ಸ್ ಘಟಕದವರು, ಹೊರರಾಜ್ಯಕ್ಕೆ ಅಕ್ಕಿ ಕಳಿಸುವವರು ಇದನ್ನು ಗಮನಿಸಿ. "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಇದಕ್ಕೆ ಹಾಕಿ" ಎಂದು ಬಟ್ಟೆ ಕೊಡುವವರ ಇಮೇಲ್‌ನಿಂದ ಬಂದರೆ, ಅದೇ ಇಮೇಲ್‌ಗೆ ಉತ್ತರ ಬರೆದು ಖಚಿತ ಮಾಡಿಕೊಳ್ಳಬೇಡಿ. ಅವರ ಇಮೇಲೇ ಕಳ್ಳನ ಕೈಯಲ್ಲಿರಬಹುದು. ನಿಮ್ಮ ಹತ್ತಿರ ಮೊದಲಿನಿಂದ ಇರುವ ನಂಬರಿಗೆ ಫೋನ್ ಮಾಡಿ, ದನಿ ಕೇಳಿ, ಆಮೇಲೆ ಕಳಿಸಿ.

8. ಕೊನೆಗೂ ಆಂಟಿವೈರಸ್

ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಎಂಬ ಆಂಟಿವೈರಸ್ ವಿಂಡೋಸ್ ಜೊತೆಗೇ ಬರುತ್ತದೆ. ಅಪ್‌ಡೇಟ್ ಆಗುತ್ತಿರುವ ಕಂಪ್ಯೂಟರಿಗೆ ಬಹುತೇಕ ಅದು ಸಾಕು. ದುಡ್ಡು ಕೊಟ್ಟು ಬೇರೆಯದು ಕೊಂಡರೂ ತಪ್ಪಿಲ್ಲ, ಆದರೆ ಎರಡು ಒಟ್ಟಿಗೆ ಹಾಕಬೇಡಿ, ಅವಧಿ ಮುಗಿದದ್ದನ್ನು ಹಾಗೇ ಬಿಡಬೇಡಿ. ವಿಂಡೋಸ್ ಸೆಕ್ಯೂರಿಟಿಯಲ್ಲಿ "ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್" ತೆರೆದು ಗೊತ್ತಿಲ್ಲದ ತಂತ್ರಾಂಶ ನಿಮ್ಮ ಫೈಲು ಬದಲಿಸದಂತೆ ತಡೆಯುವ "ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್" ಚಾಲೂ ಮಾಡಿ, ಟ್ಯಾಲಿ ಡೇಟಾ ಫೋಲ್ಡರನ್ನು ಸೇರಿಸಿ. ಟ್ಯಾಲಿಯನ್ನೇ ಅದು ತಡೆದರೆ ಅನುಮತಿ ಪಟ್ಟಿಗೆ ಟ್ಯಾಲಿಯನ್ನೂ ಸೇರಿಸಬೇಕು.

9. ಆಗಬಾರದ್ದು ಆದರೆ

ದುಡ್ಡು ಹೋಗಿದ್ದರೆ ಮೊದಲು 1930ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ ಅದು. ದುಡ್ಡು ಖಾತೆಯಿಂದ ಖಾತೆಗೆ ಹಾರುತ್ತ ಹೋಗುವುದರಿಂದ ನಿಮಿಷಗಳ ಲೆಕ್ಕದಲ್ಲಿ ತಡೆಹಿಡಿಸಬೇಕು. ಮನೆಯವರನ್ನು ಕೇಳಿ ನಾಳೆ ನೋಡೋಣ ಅಂದರೆ ಆಗದು. ಕೈಯಲ್ಲಿ ಇಟ್ಟುಕೊಳ್ಳಬೇಕಾದ್ದು: ಖಾತೆ ಸಂಖ್ಯೆ, ಹೋದ ಸಮಯ, ಮೊತ್ತ, ವಹಿವಾಟಿನ ಉಲ್ಲೇಖ ಸಂಖ್ಯೆ (ಯುಪಿಐ ಆದರೆ 12 ಅಂಕಿ). ಆಮೇಲೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ಲಿಖಿತ ದೂರು ದಾಖಲಿಸಿ, ಜಿಲ್ಲೆಯ ಸಿಇಎನ್ ಠಾಣೆಗೂ ಹೋಗಿ. ಸಿಇಎನ್ ಎಂದರೆ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಠಾಣೆ.

ಬ್ಯಾಂಕಿಗೆ ಬೇರೆಯಾಗಿ ತಿಳಿಸಿ, ದೂರಿನ ಸಂಖ್ಯೆ ಪಡೆಯಿರಿ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ದುಡ್ಡು ಹೋಗಿದ್ದು, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಮೇಲೆ ಹೊಣೆ ಇಲ್ಲ. ಒಟಿಪಿ ನೀವೇ ಕೊಟ್ಟಿದ್ದರೆ, ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲೆ ಆದದ್ದು ಬ್ಯಾಂಕಿನದು. ನಾಚಿಕೆಗೆ ಸುಮ್ಮನಿದ್ದಷ್ಟೂ ಲೆಕ್ಕ ಏರುತ್ತದೆ.

ಫೈಲುಗಳಿಗೆ ರ‍್ಯಾನ್ಸಮ್‌ವೇರ್ ಬಿದ್ದಿದ್ದರೆ ಕೂಡಲೇ ಇಂಟರ್ನೆಟ್ ವೈರ್ ಕೀಳಿ, ವೈಫೈ ಆಫ್ ಮಾಡಿ, ಉಳಿದ ಕಂಪ್ಯೂಟರುಗಳನ್ನೂ ನೆಟ್‌ವರ್ಕ್‌ನಿಂದ ಬಿಡಿಸಿ. ತೆರೆಯ ಮೇಲಿನ ಬೆದರಿಕೆಯ ಬರಹದ ಫೋಟೊ ತೆಗೆಯಿರಿ. ದುಡ್ಡು ಕೊಟ್ಟರೆ ಫೈಲ್ ವಾಪಸ್ ಬರುತ್ತದೆ ಎಂಬ ಖಾತ್ರಿ ಯಾರೂ ಕೊಡಲಾರರು. 2016ರಲ್ಲಿ ಯುರೋಪೋಲ್, ಡಚ್ ಪೊಲೀಸರು ಮತ್ತು ಭದ್ರತಾ ಕಂಪನಿಗಳು ಸೇರಿ ಶುರುಮಾಡಿದ ನೋ ಮೋರ್ ರ‍್ಯಾನ್ಸಮ್ ಎಂಬ ತಾಣದಲ್ಲಿ ಕೆಲವು ರ‍್ಯಾನ್ಸಮ್‌ವೇರ್‌ಗಳ ಬೀಗ ಬಿಡಿಸುವ ಸಾಧನಗಳು ಪುಕ್ಕಟೆ ಸಿಗುತ್ತವೆ. ನಿಮ್ಮದು ಆ ಪಟ್ಟಿಯಲ್ಲಿದೆಯೇ ನೋಡಿ. ಇವತ್ತು ಇಲ್ಲದಿದ್ದರೂ ಮುಂದೆ ಬರಬಹುದು, ಹಾಗಾಗಿ ಕೆಟ್ಟ ಫೈಲುಗಳಿರುವ ಡಿಸ್ಕನ್ನು ಹಾಗೇ ತೆಗೆದಿಟ್ಟು, ಕಂಪ್ಯೂಟರಿಗೆ ಹೊಸ ಡಿಸ್ಕ್ ಹಾಕಿಸಿ.

ಆ ಗಡಿಬಿಡಿಯಲ್ಲಿ ಜನ ಮಾಡುವ ದೊಡ್ಡ ತಪ್ಪು ಒಂದಿದೆ: ಬ್ಯಾಕಪ್ ಸರಿ ಇದೆಯೋ ಇಲ್ಲವೋ ಎಂಬ ಆತಂಕಕ್ಕೆ, ರೋಗ ಬಿದ್ದ ಅದೇ ಕಂಪ್ಯೂಟರಿಗೆ ಡಿಸ್ಕ್ ಚುಚ್ಚಿ ನೋಡುವುದು. ಚುಚ್ಚಿದ ಗಳಿಗೆಯಿಂದ ಅದೂ ಹಾಳಾಗತೊಡಗುತ್ತದೆ. ಹೊಸ ಡಿಸ್ಕಿಗೆ ವಿಂಡೋಸ್ ಹಾಕಿ, ಅಪ್‌ಡೇಟ್ ಮುಗಿಸಿ, ಟ್ಯಾಲಿ ಹಾಕಿ, ಆರನೇ ಹಂತದ ಬಾಗಿಲುಗಳು ಮುಚ್ಚಿವೆಯೇ ಖಚಿತ ಮಾಡಿಕೊಂಡ ಮೇಲೆಯೇ ಬ್ಯಾಕಪ್ ಡಿಸ್ಕನ್ನು ಹೊರತೆಗೆಯಿರಿ. ಎರಡರಲ್ಲಿ ಒಂದನ್ನು ಮಾತ್ರ.